ಬರ್ತ್‌ಡೇ ಫೋಟೋದಾಗ ಅವ್ವ ಎಲ್ಲಿ?

ನಿಮ್ಮ ಮನಿ ಬರ್ತ್‌ಡೇ ಫೋಟೋ ಒಮ್ಮೆ ತೆಗೆದು ನೋಡ್ರಿ. ಕೇಕ್ ಅದ, ಬಲೂನ್ ಅದಾವ, ಓಣಿ ಹುಡುಗ್ರೆಲ್ಲಾ ಅದಾರ. ಅವ್ವ? ಒಳಗ ಮಿರ್ಚಿ ಕರೀತಿರ್ತಾಳ. ಸಿಂಧನೂರಿರಲಿ, ಲಿಂಗಸೂಗೂರಿರಲಿ, ಮಸ್ಕಿ ಇರಲಿ, ಇದೇ ಕಥಿ.

ಅದಕ್ಕೇ ನಾನು ಈ ಪದರಿನ ಸ್ಯಾಂಡ್‌ವಿಚ್ ಲೋಫ್ ಪರವಾಗಿ ಮಾತಾಡೋದು. ಸ್ವೀಡನ್‌ನಲ್ಲಿ ಸೀಗಡಿ, ಮೊಟ್ಟೆ, ಮೇಯನೀಸ್ ತುಂಬಿ, ಕೇಕಿನಂಗ ಅಲಂಕಾರ ಮಾಡಿ ಸಮಾರಂಭಗಳಿಗೆ ಇಡ್ತಾರ. ಅವರ ಸೀಗಡಿ ನಮಗ್ಯಾಕ? ನಮ್ಮ ಡಬ್ಬಿಯೊಳಗ ಶೇಂಗಾ ಹಿಂಡಿ ಇಲ್ಲೇನು? ನನಗ ಇಷ್ಟ ಆಗಿದ್ದು ಒಂದೇ ಗುಣ: ಇದನ್ನ ಹಿಂದಿನ ರಾತ್ರೀನೇ ಮಾಡಿಡಬೇಕು.

ಬೇಕರಿಯವರಿಗೆ ಮೊದಲೇ ಹೇಳಿ, ಹೋಳು ಮಾಡದ ಇಡೀ ಬ್ರೆಡ್ ತರ್ರಿ. ಕಂದು ಅಂಚು ತೆಗೆದು, ಉದ್ದಕ್ಕ 4 ಹಾಳೆ ಕೊಯ್ರಿ. 1 ಲೀಟರ್ ಮೊಸರನ್ನ ಅರಿವ್ಯಾಗ ಕಟ್ಟಿ, ನೀರು ಪೂರಾ ಇಳಿಯೋ ತನಕ ಫ್ರಿಜ್‌ನಾಗ ಇಡ್ರಿ. ತುಂಬೋ ಕಡೆಗೆಲ್ಲಾ ಬೆಣ್ಣಿ ಸವರಬೇಕು. ಬೆಣ್ಣಿ ಇದ್ರ ಬ್ರೆಡ್ ನೀರು ಕುಡಿಯಂಗಿಲ್ಲ. ಮೊದಲ ಪದರಿಗೆ ಕೊತ್ತಂಬರಿ-ಪುದೀನ ಚಟ್ನಿ. ಎರಡನೇದಕ್ಕ ಗಟ್ಟಿ ಮೊಸರಿನಾಗ ಕಲಸಿದ ಶೇಂಗಾ ಹಿಂಡಿ. ಮೂರನೇದಕ್ಕ ತುರಿದ ಗಜ್ಜರಿ, ಸವತಿಕಾಯಿ. ಸವತಿಕಾಯಿಗೆ ಉಪ್ಪು ಹಚ್ಚಿ ಹಿಂಡೋದು ಮರೀಬ್ಯಾಡ್ರಿ. ನಾನು ಮೊದಲ ಸಲ ಮರೆತಿದ್ದೆ, ಮೂರನೇ ಫೋಟೋದಾಗಿನ ಆ ಗುಡ್ಡ ಕುಸಿದಂಗಿರೋದು ಅದೇ! ಹಸಿ ಅರಿವ್ಯಾಗ ಸುತ್ತಿ ರಾತ್ರಿಯೆಲ್ಲಾ ಫ್ರಿಜ್‌ನಾಗ ಇಡ್ರಿ. ಬೆಳಿಗ್ಗೆ ಉಳಿದ ಮೊಸರು ಮ್ಯಾಲ ಬಳಿದು, ದಾಳಿಂಬ್ರಿ ಕಾಳು ಉದುರಿಸಿದ್ರ ಮುಗೀತು.

"ಬಂದೋರಿಗೆ ತಣ್ಣಂದು ಕೊಡೋದೇನು?" ಅಂತ ಹಿರಿಯರು ಕೇಳ್ತಾರ. ಮೇ ತಿಂಗಳ ನಮ್ಮ ಬಿಸಲಾಗ ಬಂದೋರಿಗೆ ಮೊದಲು ಕೊಡೋದೇ ತಣ್ಣನ ಮಜ್ಜಿಗಿ ಅಲ್ರೀ? ಕಟಿ ರೊಟ್ಟಿ, ಮೊಸರು, ಹಿಂಡಿ ತಿಂದು ಬೆಳೆದ ನಮಗ ತಣ್ಣಂದು ಅವಮಾನ ಹೆಂಗಾಗ್ತದ? "ಬ್ರೆಡ್ ಅಂದ್ರ ಜ್ವರದೋರ ಊಟ" ಅನ್ನೋರ ಬಾಯಿಗೆ ಒಂದು ಹೋಳು ಇಟ್ಟು ನೋಡ್ರಿ. ಆದ್ರ ಬ್ಯಾಸಿಗ್ಯಾಗ ಫ್ರಿಜ್‌ನಿಂದ ತೆಗೆದ ಮ್ಯಾಲ ಒಂದು ತಾಸಿಗಿಂತ ಹೆಚ್ಚು ಹೊರಗ ಇಡಬ್ಯಾಡ್ರಿ, ಮೊಸರು ಕೆಡ್ತದ.

ಮಿರ್ಚಿ ಬ್ಯಾಡಂತಿಲ್ಲ ನಾನು. ಬೇಕೇಬೇಕಂದ್ರ ಬಂಡಿಯಿಂದ ಕಟ್ಟಿಸಿಕೊಂಡು ಬರ್ರಿ. ಇನ್ನೊಂದು ಮಾತು: ಅವ್ವ ಒಬ್ಬಾಕಿನೇ ನಡುರಾತ್ರಿ ತನಕ ಕುಂತು ಈ ಲೋಫ್ ಕಟ್ಟಿದ್ರ ಲಾಭ ಏನು ಬಂತು? ಸವತಿಕಾಯಿ ಹಿಂಡಾಕ ಅಪ್ಪನ್ನ ಕರೀರಿ. ಬೆಣ್ಣಿ ಸವರೋದು ಹುಡುಗ್ರಿಗೆ ಕೊಡ್ರಿ.

ಮಾಡಿದ ಮ್ಯಾಲ ನನ್ನ ಟ್ಯಾಗ್ ಮಾಡ್ರಿ. ಲೋಫ್ ಸೊಟ್ಟ ಆದ್ರೂ ನಡೀತದ, ಫೋಟೋದಾಗ ಅವ್ವ ಇರಬೇಕು.