ಮಗುವಿನ ಕನ್ನಡಕ್ಕೆ ತಾಯೊಬ್ಬಳೇ ಹೊಣೆಯೇ?

ಪರದೇಶದಲ್ಲಿ ಬೆಳೆಯುವ ಮಗುವಿಗೆ ಕನ್ನಡ ಬಾರದಿದ್ದರೆ ಬೈಗುಳ ತಾಯಿಗೆ. ಬಂದರೆ ಹೊಗಳಿಕೆ ಅಪ್ಪನ ಮನೆತನಕ್ಕೆ. ಈ ಲೆಕ್ಕ ಬರೆದಿಟ್ಟವರು ಯಾರೋ ತಿಳಿಯದು. ಪ್ರತಿ ಡಿಸೆಂಬರ್ ರಜೆಗೆ ಇಬ್ಬರು ಮಕ್ಕಳನ್ನು ಕರೆದುಕೊಂಡು ಸಿಂಗಪುರದಿಂದ ಕೊತ್ತಗೆರೆಗೆ ಬಂದಾಗಲೆಲ್ಲ ಅದನ್ನು ನನಗೆ ಓದಿ ಹೇಳುತ್ತಾರೆ. ಅವರೆಕಾಯಿ ಸುಲಿಯುತ್ತಾ ಕೂತ ಹೆಂಗಸರು ಹೆಣ್ಣು ನೋಡಲು ಬಂದವರಂತೆ ಮಕ್ಕಳನ್ನು ಮಾತಾಡಿಸಿ ನೋಡುತ್ತಾರೆ. 'ಏನವ್ವಾ, ಮಗೀಗೆ ಕನ್ನಡ್ವೇ ಸರ್ಯಾಗ್ ಬರಲ್ವಲ್ಲ, ನೀನೇನ್ ಕಲಿಸ್ದೆ?' ಪಕ್ಕದಲ್ಲೇ ಪೇಪರ್ ಹಿಡಿದು ಕೂತ ನಮ್ಮ ಯಜಮಾನರನ್ನು ಯಾರೂ ಕೇಳುವುದಿಲ್ಲ. ಅವರದೂ ಅಚ್ಚ ಕುಣಿಗಲ್ ಸೀಮೆಯ ಕನ್ನಡವೇ ಅಲ್ಲವೇ?

ಅಲ್ಲಿನ ವಿಷಯ ಸ್ವಲ್ಪ ಹೇಳಬೇಕು. ಮಲಯ, ಚೀನಿ, ತಮಿಳು, ಇಂಗ್ಲಿಷ್ ಆ ದೇಶದ ಅಧಿಕೃತ ಭಾಷೆಗಳು. ಸರ್ಕಾರಿ ಶಾಲೆಗಳಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಜೊತೆಗೆ 'ಮಾತೃಭಾಷೆ' ಎಂಬ ಒಂದು ವಿಷಯವುಂಟು. ನಮ್ಮ ದೇಶದ ಮಕ್ಕಳು ತಮಿಳು ತೆಗೆದುಕೊಳ್ಳಬಹುದು, ಇಲ್ಲವೇ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು. ಪಟ್ಟಿ ಅಲ್ಲಿಗೆ ಮುಗಿಯಿತು. ಕನ್ನಡವಿಲ್ಲ, ತೆಲುಗು, ಮಲಯಾಳಂ ಕೂಡ ಇಲ್ಲ. ಮಗಳ ಅರ್ಜಿಯಲ್ಲಿ 'ಮಾತೃಭಾಷೆ' ಎಂಬುದರ ಮುಂದೆ ನಾನು ಹಿಂದಿ ಎಂದು ತುಂಬಿದೆ. ಮಾತೆ ನಾನು, ಭಾಷೆ ಇನ್ನೊಬ್ಬರದು! ಈಗ ಅವಳು ಹಿಂದಿಯಲ್ಲಿ ಪ್ರಬಂಧ ಬರೆಯುತ್ತಾಳೆ. ಊರಿನ ಬಸ್ಸಿನ ಬೋರ್ಡು ಓದಲು ತಡವರಿಸುತ್ತಾಳೆ.

ಇನ್ನು ತಾಯಿಯ ಸ್ಥಿತಿ. ಗಂಡನ ಕೆಲಸದ ಆಧಾರದ ಮೇಲೆ ಹೋದ ಹೆಂಡತಿಗೆ ಸಿಗುವುದು ಅವಲಂಬಿತರ ಪಾಸು. ಹೆಸರೇ ಹೇಗಿದೆ ನೋಡಿ. ಮೊದಲೆಲ್ಲ ಒಂದು ಒಪ್ಪಿಗೆ ಪತ್ರ ಪಡೆದು ಕೆಲಸಕ್ಕೆ ಸೇರಬಹುದಿತ್ತು. 2021ರ ಮೇ 1ರಿಂದ ಕೆಲಸಕ್ಕೆ ಹೋಗುವವಳಿಗೆ ಸ್ವಂತ ಹೆಸರಿನಲ್ಲೇ ಕೆಲಸದ ಪಾಸು ಬೇಕು. ತುಮಕೂರಿನಲ್ಲಿ ಎಂಟು ವರ್ಷ ಗಣಿತ ಹೇಳಿಕೊಟ್ಟ ನಾನು ಈಗ ಅಡಿಗೆಮನೆಯ ಕಟ್ಟೆಯ ಮೇಲೆ ಅ ಆ ಇ ಈ ತಿದ್ದಿಸುತ್ತೇನೆ. ಅಜ್ಜಿ ಮನೆಯಲ್ಲಿದ್ದರೆ ಮಾತು ತಾನಾಗಿ ಬರುತ್ತಿತ್ತು, ನಿಜ. ಆದರೆ ಹೆತ್ತವರನ್ನು ಬಹುಕಾಲ ಜೊತೆಯಲ್ಲಿಟ್ಟುಕೊಳ್ಳಲು ದುಡಿಯುವವರ ಸಂಬಳ ತಿಂಗಳಿಗೆ ಕನಿಷ್ಠ 12,000 ಸಿಂಗಪುರ ಡಾಲರ್ ಇರಬೇಕೆಂದು ನಿಯಮ. ನಮ್ಮದು ಅಷ್ಟಿಲ್ಲ. ಊರಿನವರು ತಿಳಿದಂತೆ ಅಲ್ಲಿ ನೋಟು ಮರದಲ್ಲಿ ಬಿಡುವುದಿಲ್ಲ.

ಕಳೆದ ವರ್ಷದಿಂದ ರಾತ್ರಿಯ ಕಥೆಯನ್ನು ಯಜಮಾನರಿಗೆ ವಹಿಸಿದ್ದೇನೆ. ಅವರಿಗೆ ಬರುವುದು ಒಂದೇ ಕಥೆ, ಅದೂ ಅರ್ಧ. ಉಳಿದರ್ಧಕ್ಕಾಗಿ ಮಕ್ಕಳು ಪೀಡಿಸುತ್ತಿವೆ. ಪೀಡಿಸಲಿ.

ಪರೀಕ್ಷೆ ಮಾಡುವವರಿಗೂ ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ಬೆಳಿಗ್ಗೆ ನಿಮ್ಮ ಮನೆ ಮುಂದೆಯೇ ನಿಲ್ಲುವ ಕಾನ್ವೆಂಟ್ ವ್ಯಾನು ಯಾರದು? ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಪಾಠ ಎಂದು ಕರ್ನಾಟಕ ಸರ್ಕಾರ 1994ರಲ್ಲಿ ಆದೇಶ ಹೊರಡಿಸಿತು. ಮಾಧ್ಯಮವನ್ನು ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. ಕೋರ್ಟಿನ ಮಾತು ಹಾಗಿರಲಿ. ಮನೆಯೊಳಗೆ 'ಮಮ್ಮಿ, ವಾಟರ್ ಕೊಡು' ಎಂದು ಕಲಿಸಲು ಯಾವ ಕೋರ್ಟು ಹೇಳಿತ್ತು? ಇಲ್ಲಿ ಕನ್ನಡ ಮರೆತ ಮಗು ಜಾಣ. ಅಲ್ಲಿ ಮರೆತರೆ ತಾಯಿ ಸೋಮಾರಿ. ಒಂದೇ ತಪ್ಪಿಗೆ ಎರಡು ತಕ್ಕಡಿ ಯಾಕೆ?

ಹೊರದೇಶದ ನಮ್ಮ ಸಂಘಗಳ ದೊಡ್ಡವರಿಗೂ ಈ ಮಾತು ಸಲ್ಲುತ್ತದೆ. ರಾಜ್ಯೋತ್ಸವಕ್ಕೆ ಊರಿನಿಂದ ಅತಿಥಿ, ಹಾರ, ಶಾಲು, ಹೋಳಿಗೆ ಊಟ ಎಲ್ಲ ಚೆಂದವೇ. ಆದರೆ ಸಿಂಗಪುರದ ಶಾಲೆಗಳಲ್ಲಿ ಹಿಂದಿ ಆಕಾಶದಿಂದ ಬೀಳಲಿಲ್ಲ. ಆ ಭಾಷೆಯವರು ಸಂಸ್ಥೆ ಕಟ್ಟಿ, ತರಗತಿ ನಡೆಸಿ, ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡಿದರು. ಒಂದು ವರ್ಷ ಶಾಲು ಹಾರ ಬಿಟ್ಟು ಆ ಹಣದಲ್ಲಿ ಪಾಠ ನಡೆಸಿ ನೋಡೋಣ. ಕೆಲಸ ಬಿಟ್ಟು ಮನೆಯಲ್ಲಿ ಕೂತ ಕನ್ನಡದ ಟೀಚರುಗಳು ನಮ್ಮ ಬ್ಲಾಕಿನಲ್ಲೇ ಮೂವರಿದ್ದೇವೆ. ಪಾಸಿನ ಏರ್ಪಾಡು ಮಾಡಿ, ಸಂಬಳ ಕೊಟ್ಟು ನೇಮಿಸಿಕೊಳ್ಳಿ. ತಾಯಂದಿರ ಸೇವೆ ಎಂದು ಹೊಗಳಿ, ಬಿಟ್ಟಿಯಾಗಿ ಅದನ್ನೂ ನಮ್ಮ ಕೊರಳಿಗೆ ಕಟ್ಟಬೇಡಿ.