ಶೌರ್ಯಕ್ಕೆ ಸಾಕ್ಷಿ ಯಾರು? ಬದಲಾಗುತ್ತಿರುವ ಯುದ್ಧ, ಬದಲಾಗದ ಅಳತೆಗೋಲು

ವರ್ಷಕ್ಕೆ ಎರಡು ಬಾರಿ, ಗಣರಾಜ್ಯೋತ್ಸವ ಹಾಗೂ ಸ್ವಾತಂತ್ರ್ಯ ದಿನಾಚರಣೆಯ ಹೊತ್ತಿಗೆ, ಸೇನಾ ಶೌರ್ಯ ಪ್ರಶಸ್ತಿಗಳ ಪಟ್ಟಿ ದೆಹಲಿಯಿಂದ ಪ್ರಕಟವಾಗುತ್ತದೆ. ಪತ್ರಿಕೆಗಳು ನಮ್ಮ ರಾಜ್ಯದವರು ಯಾರಾದರೂ ಇದ್ದಾರೆಯೇ ಎಂದು ಹುಡುಕುತ್ತವೆ. ಎರಡು ದಿನಗಳಲ್ಲಿ ಪಟ್ಟಿ ಮರೆತುಹೋಗುತ್ತದೆ. 2025ರ ಆಗಸ್ಟ್ 15ರ ಪಟ್ಟಿ ಮಾತ್ರ ಹೀಗೆ ಮರೆತುಹೋಗುವಂತಹುದಾಗಿರಲಿಲ್ಲ. ಆ ವರ್ಷದ ಮೇ ತಿಂಗಳಿನಲ್ಲಿ ನಡೆದ ಆಪರೇಷನ್ ಸಿಂಧೂರ ಕಾರ್ಯಾಚರಣೆಗಾಗಿ 15 ಮಂದಿಗೆ ವೀರ ಚಕ್ರ ಘೋಷಣೆಯಾಯಿತು. ಅವರಲ್ಲಿ ವಾಯುಪಡೆಯವರು 9, ಭೂಸೇನೆಯವರು 4, ಗಡಿ ಭದ್ರತಾ ಪಡೆಯವರು ಇಬ್ಬರು. ಪರಮವೀರ ಚಕ್ರವಾಗಲಿ ಮಹಾವೀರ ಚಕ್ರವಾಗಲಿ ಆ ಪಟ್ಟಿಯಲ್ಲಿ ಇರಲಿಲ್ಲ. ಕ್ಷಿಪಣಿ ಮತ್ತು ಡ್ರೋನ್‌ಗಳೇ ಬಹುಪಾಲು ಹೋರಾಡಿದ, ವೈಮಾನಿಕರು ನೂರಾರು ಕಿಲೋಮೀಟರ್ ದೂರದಿಂದ ಗುರಿಯಿಟ್ಟ ಸಂಘರ್ಷವದು. ಅಲ್ಲಿ ಶೌರ್ಯವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು.

ಪ್ರಶ್ನೆ ಹೊಸದೇನೂ ಅಲ್ಲ. ಶೌರ್ಯ ಪದಕಗಳ ಇತಿಹಾಸವನ್ನು ಗಮನಿಸಿದರೆ ಅವು ಎರಡು ಆಧಾರಗಳ ಮೇಲೆ ನಿಂತಿರುವುದು ಕಾಣುತ್ತದೆ. ಒಂದು, ಎದುರಿಗೆ ‘ಶತ್ರು’ ಇರಬೇಕು. ಇನ್ನೊಂದು, ಕಂಡವರು ಇರಬೇಕು. ಈ ಎರಡೂ ಆಧಾರಗಳು ಇಂದು ಅಲುಗಾಡುತ್ತಿವೆ.

ಪದಕಗಳು ನಡೆದುಬಂದ ದಾರಿ

ಈಸ್ಟ್ ಇಂಡಿಯಾ ಕಂಪನಿ 1837ರಲ್ಲಿಯೇ ಭಾರತೀಯ ಸಿಪಾಯಿಗಳಿಗಾಗಿ ‘ಆರ್ಡರ್ ಆಫ್ ಮೆರಿಟ್’ ಎಂಬ ಶೌರ್ಯ ಪದಕವನ್ನು ಸ್ಥಾಪಿಸಿತ್ತು. ಬ್ರಿಟನ್ನಿನ ವಿಕ್ಟೋರಿಯಾ ಕ್ರಾಸ್ ಹುಟ್ಟಿದ್ದು 1856ರಲ್ಲಿ, ಕ್ರಿಮಿಯಾ ಯುದ್ಧದ ಹಿನ್ನೆಲೆಯಲ್ಲಿ. ಅಧಿಕಾರಿ, ಸಾಮಾನ್ಯ ಸೈನಿಕ ಎಂಬ ಭೇದವಿಲ್ಲದೆ ಒಂದೇ ಪದಕ ನೀಡಿದ್ದು ಅದರ ಹಿರಿಮೆ. ಆದರೆ 1911ರವರೆಗೆ ಭಾರತೀಯ ಸೈನಿಕರಿಗೆ ಆ ಬಾಗಿಲು ಮುಚ್ಚಿತ್ತು. ಆರಂಭದ ದಶಕಗಳಲ್ಲಿ ಮರಣೋತ್ತರವಾಗಿ ಅದನ್ನು ನೀಡುವ ಪದ್ಧತಿಯೂ ಇರಲಿಲ್ಲ. 1879ರ ಇಸಾಂಡಲ್ವಾನಾ ಕದನದಲ್ಲಿ ತಮ್ಮ ರೆಜಿಮೆಂಟಿನ ಧ್ವಜವನ್ನು ಉಳಿಸಲು ಯತ್ನಿಸಿ ಮಡಿದ ಇಬ್ಬರು ಅಧಿಕಾರಿಗಳಿಗೆ ಪದಕ ಸಂದದ್ದು 1907ರಲ್ಲಿ. ಜೀವ ಕೊಟ್ಟವನಿಗೆ ಪದಕವಿಲ್ಲ ಎಂಬ ಕಾಲವೊಂದಿತ್ತು ಎಂದರೆ ಇಂದು ವಿಚಿತ್ರವೆನಿಸೀತು.

ಸ್ವತಂತ್ರ ಭಾರತ 1950ರ ಜನವರಿ 26ರಂದು ಪರಮವೀರ ಚಕ್ರ, ಮಹಾವೀರ ಚಕ್ರ ಮತ್ತು ವೀರ ಚಕ್ರಗಳನ್ನು ಸ್ಥಾಪಿಸಿತು. 1947ರ ಆಗಸ್ಟ್ 15ರಿಂದಲೇ ಅವು ಅನ್ವಯವಾಗುವಂತೆ ಮಾಡಿದ್ದರಿಂದ ಮೊದಲ ಕಾಶ್ಮೀರ ಯುದ್ಧದ ಯೋಧರಿಗೂ ಗೌರವ ಸಂದಿತು. ಬಡಗಾಮ್‌ನಲ್ಲಿ ಮಡಿದ ಮೇಜರ್ ಸೋಮನಾಥ ಶರ್ಮಾ ಮೊದಲ ಪರಮವೀರ ಚಕ್ರ ಪುರಸ್ಕೃತರು. ಪರಮವೀರ ಚಕ್ರದ ಮೇಲೆ ಇಂದ್ರನ ವಜ್ರಾಯುಧದ ಚಿತ್ರವಿದೆ. ಲೋಕಹಿತಕ್ಕಾಗಿ ತನ್ನ ಬೆನ್ನೆಲುಬನ್ನೇ ಕೊಟ್ಟ ದಧೀಚಿಯ ಕಥೆ ಅದರ ಹಿಂದಿದೆ. ಆ ಸಂಕೇತ ವಾಸ್ತವವೂ ಆಯಿತು. ಈವರೆಗೆ ಪರಮವೀರ ಚಕ್ರ ಪಡೆದ 21 ಮಂದಿಯಲ್ಲಿ 14 ಮಂದಿಗೆ ಅದು ಮರಣೋತ್ತರವಾಗಿ ಸಂದಿದೆ. 1999ರ ಕಾರ್ಗಿಲ್ ಸಮರದಲ್ಲಿ ನಾಲ್ವರಿಗೆ ದೊರೆತ ನಂತರ ಯಾರಿಗೂ ಅದು ದೊರೆತಿಲ್ಲ. ವಾಯುಪಡೆಗೆ ಸಂದಿರುವುದು ಒಂದೇ ಒಂದು, 1971ರಲ್ಲಿ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಅವರಿಗೆ. ನೌಕಾಪಡೆಗೆ ಒಂದೂ ಇಲ್ಲ. ಅದೇ ಯುದ್ಧದಲ್ಲಿ ಮುಳುಗುತ್ತಿದ್ದ ಐಎನ್‌ಎಸ್ ಖುಕ್ರಿ ನೌಕೆಯನ್ನು ಬಿಡದೆ ಅದರೊಂದಿಗೇ ಜಲಸಮಾಧಿಯಾದ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರಿಗೆ ಸಂದದ್ದು ಮಹಾವೀರ ಚಕ್ರ.

‘ಶತ್ರು’ ಎಂದರೆ ಯಾರು?

ಪರಮವೀರ ಚಕ್ರದ ನಿಯಮಾವಳಿಯ ತಿರುಳು ‘ಶತ್ರುವಿನ ಸಮಕ್ಷಮದಲ್ಲಿ’ ಎಂಬ ಮಾತಿನಲ್ಲಿದೆ. ನೆಲ, ಜಲ, ಆಕಾಶಗಳಲ್ಲಿ ಎಲ್ಲಿಯಾದರೂ ಸರಿ, ಶತ್ರುವಿನ ಎದುರು ತೋರಿದ ಅಪ್ರತಿಮ ಶೌರ್ಯ ಅಥವಾ ಆತ್ಮಾರ್ಪಣೆ ಅದಕ್ಕೆ ಅರ್ಹ. ಶತ್ರುವಿನ ಎದುರಲ್ಲದ ಸಂದರ್ಭಗಳ ಶೌರ್ಯಕ್ಕಾಗಿ 1952ರಲ್ಲಿ ಅಶೋಕ ಚಕ್ರದ ಮೂರು ದರ್ಜೆಗಳು ಬಂದವು. 1967ರಲ್ಲಿ ಅವುಗಳಿಗೆ ಅಶೋಕ ಚಕ್ರ, ಕೀರ್ತಿ ಚಕ್ರ, ಶೌರ್ಯ ಚಕ್ರ ಎಂದು ಮರುನಾಮಕರಣವಾಯಿತು. ಇವು ಶಾಂತಿಕಾಲದ ಪದಕಗಳೆಂದೇ ಹೆಸರಾಗಿವೆ. ವಿಮಾನ ಅಪಹರಣಕಾರರಿಂದ ಪ್ರಯಾಣಿಕರನ್ನು ರಕ್ಷಿಸಿ ಮಡಿದ ನೀರಜಾ ಭಾನೋಟ್, ಬಾಹ್ಯಾಕಾಶಕ್ಕೆ ಹೋಗಿಬಂದ ರಾಕೇಶ್ ಶರ್ಮಾ ಇಬ್ಬರೂ ಅಶೋಕ ಚಕ್ರ ಪುರಸ್ಕೃತರು.

ಇಲ್ಲಿಯೇ ತೊಡಕು. 2007ರ ಜುಲೈ 31ರಂದು ಉರಿ ವಲಯದಲ್ಲಿ ಉಗ್ರರೊಡನೆ ಹೋರಾಡುತ್ತಾ ಮಡಿದ ಬೆಂಗಳೂರಿನ ಕರ್ನಲ್ ವಸಂತ್ ವೇಣುಗೋಪಾಲ್ ಅವರು ಒಂಬತ್ತನೇ ಮರಾಠಾ ಲಘು ಪದಾತಿ ದಳದ ಕಮಾಂಡಿಂಗ್ ಅಧಿಕಾರಿಯಾಗಿದ್ದರು. 2008ರ ನವೆಂಬರ್‌ನಲ್ಲಿ ಮುಂಬೈನ ತಾಜ್ ಹೋಟೆಲಿನಲ್ಲಿ ಉಗ್ರರ ಗುಂಡಿಗೆ ಬಲಿಯಾದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬೆಂಗಳೂರಿನಲ್ಲಿ ಬೆಳೆದವರು. ಇಬ್ಬರಿಗೂ ಸಂದದ್ದು ಅಶೋಕ ಚಕ್ರ. ಗೌರವದ ದೃಷ್ಟಿಯಿಂದ ಅದು ಪರಮವೀರ ಚಕ್ರದ ನಂತರದ ಸ್ಥಾನದಲ್ಲಿಯೇ ಇದೆ, ಕಡಿಮೆಯದೇನಲ್ಲ. ಆದರೆ ಅವರ ಎದುರು ಬಂದೂಕು ಹಿಡಿದು ನಿಂತಿದ್ದವರು ‘ಶತ್ರು’ಗಳಲ್ಲವೇ? 1950ರ ಸೇನಾ ಕಾಯ್ದೆಯ ವ್ಯಾಖ್ಯೆಯಂತೆ ಸಶಸ್ತ್ರ ಬಂಡುಕೋರರು ಮಾತ್ರವಲ್ಲ, ಸೈನಿಕನು ಕರ್ತವ್ಯದ ಮೇರೆಗೆ ಎದುರಿಸಬೇಕಾದ ಯಾವುದೇ ಆಯುಧಧಾರಿಯೂ ಶತ್ರುವೇ.

ವಿದೇಶದ ನೆಲದಲ್ಲಿ ಈ ವಿಶಾಲ ಅರ್ಥಕ್ಕೇ ಮನ್ನಣೆ ದೊರೆತದ್ದೂ ಉಂಟು. 1961ರಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಭಾಗವಾಗಿ ಕಾಂಗೋದಲ್ಲಿ ಹೋರಾಡಿದ ಕ್ಯಾಪ್ಟನ್ ಗುರ್‌ಬಚನ್ ಸಿಂಗ್ ಸಲಾರಿಯಾ, 1987ರಲ್ಲಿ ಶ್ರೀಲಂಕಾದಲ್ಲಿ ಎಲ್‌ಟಿಟಿಇ ವಿರುದ್ಧ ಹೋರಾಡಿದ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಇಬ್ಬರಿಗೂ ಪರಮವೀರ ಚಕ್ರ ಸಂದಿತು. ಇಬ್ಬರ ಎದುರಿನಲ್ಲಿಯೂ ಭಾರತ ಯುದ್ಧ ಸಾರಿದ ರಾಷ್ಟ್ರದ ಸೇನೆ ಇರಲಿಲ್ಲ.

2020ರ ಜೂನ್ 15ರ ರಾತ್ರಿ ಗಾಲ್ವಾನ್ ಕಣಿವೆಯಲ್ಲಿ ಒಂದು ಗುಂಡೂ ಹಾರಲಿಲ್ಲ. ಕಲ್ಲು, ದೊಣ್ಣೆಗಳ ಕಾಳಗದಲ್ಲಿ 20 ಭಾರತೀಯ ಯೋಧರು ಮಡಿದರು. ಸರ್ಕಾರ ಅದನ್ನು ಶತ್ರುವಿನ ಎದುರಿನ ಶೌರ್ಯವೆಂದೇ ಪರಿಗಣಿಸಿ ಕರ್ನಲ್ ಸಂತೋಷ್ ಬಾಬು ಅವರಿಗೆ ಮರಣೋತ್ತರ ಮಹಾವೀರ ಚಕ್ರ ನೀಡಿತು. ಇನ್ನೂ ಉನ್ನತ ಗೌರವದ ನಿರೀಕ್ಷೆಯಿತ್ತೆಂದು ಅವರ ಕುಟುಂಬ ಬಹಿರಂಗವಾಗಿಯೇ ಹೇಳಿತು. ಇಂತಹ ನೋವಿಗೆ ಸರ್ಕಾರದ ಉತ್ತರ ಸಾಮಾನ್ಯವಾಗಿ ಮೌನ. ಪದಕ ಪಡೆದವರ ಸಾಹಸದ ವಿವರಗಳೇನೋ ದೊರೆಯುತ್ತವೆ. ಮಹಾವೀರವೇ ಏಕೆ, ಪರಮವೀರವೇಕಲ್ಲ ಎಂಬುದಕ್ಕೆ ಕಾರಣ ದೊರೆಯುವುದಿಲ್ಲ.

ಕೊಡಗಿನ ದೇವಯ್ಯ: 23 ವರ್ಷಗಳ ವಿಳಂಬ

ಎರಡನೆಯ ಆಧಾರ ಸಾಕ್ಷ್ಯ. ಪದಕದ ಶಿಫಾರಸು ಹೊರಡುವುದು ಯೋಧನ ಘಟಕದಿಂದಲೇ. ಕಂಡವರ ಹೇಳಿಕೆಯೊಡನೆ ಅದು ಮೇಲಿನ ಹಂತಗಳನ್ನು ದಾಟಿ ರಕ್ಷಣಾ ಸಚಿವಾಲಯಕ್ಕೆ, ಅಂತಿಮವಾಗಿ ರಾಷ್ಟ್ರಪತಿಗಳ ಅಂಕಿತಕ್ಕೆ ಹೋಗುತ್ತದೆ. ಕಂಡವರೇ ಇಲ್ಲದಿದ್ದರೆ? ಇದಕ್ಕೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಪ್ರಕರಣಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟ ಮಿಸ್ಟೇರ್ ವಿಮಾನಗಳ ತಂಡದಲ್ಲಿ ದೇವಯ್ಯ ಮೀಸಲು ಪೈಲಟ್ ಆಗಿದ್ದರು. ಹಿಂದಿರುಗುವಾಗ ಅವರ ವಿಮಾನವನ್ನು ಬೆನ್ನಟ್ಟಿದ್ದು ವೇಗದಲ್ಲಿ ಅದಕ್ಕಿಂತ ಎಷ್ಟೋ ಮಿಗಿಲಾದ ಎಫ್-104 ಸ್ಟಾರ್‌ಫೈಟರ್. ಏಟು ತಿಂದ ತಮ್ಮ ವಿಮಾನವನ್ನು ತಿರುಗಿಸಿ ಹೋರಾಡಿದ ದೇವಯ್ಯ ಆ ಸ್ಟಾರ್‌ಫೈಟರನ್ನು ಹೊಡೆದುರುಳಿಸಿದರು. ಪಾಕಿಸ್ತಾನಿ ಪೈಲಟ್ ಹೊರಜಿಗಿದು ಬದುಕಿಕೊಂಡರು, ದೇವಯ್ಯ ಮರಳಲಿಲ್ಲ. ಆ ಕಾಳಗವನ್ನು ಜೊತೆಯವರು ಯಾರೂ ಕಂಡಿರಲಿಲ್ಲವಾದ್ದರಿಂದ ನಮ್ಮ ದಾಖಲೆಗಳಲ್ಲಿ ಅವರು ಕಾಣೆಯಾದ ಪೈಲಟ್ ಮಾತ್ರ. ಅದೇ ತಿಂಗಳು ಪಾಕಿಸ್ತಾನಿ ಟ್ಯಾಂಕ್‌ಗಳನ್ನು ಧ್ವಂಸಮಾಡಿ ಮಡಿದ ಅಬ್ದುಲ್ ಹಮೀದ್ ಅವರಿಗೆ ಒಂದು ವಾರದೊಳಗೆ ಪರಮವೀರ ಚಕ್ರ ಘೋಷಣೆಯಾಯಿತು. ದೇವಯ್ಯ ಅವರ ಹೋರಾಟದ ವಿವರ ಹೊರಬಂದದ್ದು 1979ರಲ್ಲಿ, ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ಮೂಲಗಳಿಂದ ಬರೆದ ಯುದ್ಧೇತಿಹಾಸದಲ್ಲಿ. ಮಹಾವೀರ ಚಕ್ರ ಸಂದದ್ದು 1988ರಲ್ಲಿ, ಅವರು ಮಡಿದ 23 ವರ್ಷಗಳ ನಂತರ. ಅವರ ಶೌರ್ಯಕ್ಕೆ ಸಾಕ್ಷ್ಯ ದೊರೆತದ್ದು ಎದುರಾಳಿಯ ಕಡೆಯಿಂದ.

ಇದಕ್ಕೆ ಪ್ರತಿಬಿಂಬದಂತಹ ಘಟನೆ ಕಾರ್ಗಿಲ್‌ನಲ್ಲಿ ನಡೆಯಿತು. ಟೈಗರ್ ಹಿಲ್ ಬಳಿ ಮಡಿದ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ (‘ಕರ್ನಲ್’ ಎಂಬುದು ಅವರ ಹೆಸರಿನ ಭಾಗ) ವೀರಾವೇಶದಿಂದ ಹೋರಾಡಿದರೆಂದು ಭಾರತದ ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ ಚೀಟಿ ಬರೆದು, ಶವವನ್ನು ಹಿಂದಿರುಗಿಸುವಾಗ ಅದರ ಜೇಬಿನಲ್ಲಿರಿಸಿದರು. ಪಾಕಿಸ್ತಾನ ಆ ಯೋಧನಿಗೆ ತನ್ನ ಅತ್ಯುನ್ನತ ಪದಕವಾದ ನಿಶಾನ್-ಎ-ಹೈದರ್ ನೀಡಿತು.

ಯುದ್ಧಭೂಮಿಯ ದಾಖಲೆ ಎಷ್ಟು ದುರ್ಬಲ ಎಂಬುದಕ್ಕೆ ಇನ್ನೂ ಎರಡು ನಿದರ್ಶನಗಳಿವೆ. 1962ರ ಯುದ್ಧದ ಮೇಜರ್ ಧನ್‌ಸಿಂಗ್ ಥಾಪಾ ಅವರು ಮಡಿದರೆಂದು ಭಾವಿಸಿ ಮರಣೋತ್ತರ ಪರಮವೀರ ಚಕ್ರ ಘೋಷಿಸಲಾಗಿತ್ತು. ಅವರು ಚೀನಾದ ಸೆರೆಯಲ್ಲಿ ಜೀವಂತವಾಗಿದ್ದರು. 1999ರಲ್ಲಿ ಯೋಗೇಂದ್ರ ಸಿಂಗ್ ಯಾದವ್ ಅವರ ವಿಷಯದಲ್ಲಿಯೂ ಹೀಗೆಯೇ ಆಯಿತು. ಮಡಿದದ್ದು ಅದೇ ಹೆಸರಿನ ಇನ್ನೊಬ್ಬ ಯೋಧ, ಇವರು ಆಸ್ಪತ್ರೆಯಲ್ಲಿದ್ದರು.

ಪರದೆಯ ಮುಂದಿನ ಯುದ್ಧ

ಇನ್ನು ಮುಂದಿನ ಯುದ್ಧಗಳಲ್ಲಿ ಸಾಕ್ಷ್ಯದ ಕೊರತೆ ಇರಲಾರದು. ಪ್ರತಿ ಕ್ಷಿಪಣಿಯ ಹಾದಿಯೂ ಯಂತ್ರದಲ್ಲಿ ದಾಖಲಾಗುತ್ತದೆ. ಕೊರತೆಯಾಗುವುದು ‘ಸಮಕ್ಷಮ’ಕ್ಕೆ. ಆಪರೇಷನ್ ಸಿಂಧೂರದ ವೀರ ಚಕ್ರಗಳ ಪಟ್ಟಿಯಲ್ಲಿ ಯುದ್ಧವಿಮಾನದ ಪೈಲಟ್‌ಗಳೊಡನೆ ಎಸ್-400 ಕ್ಷಿಪಣಿ ಘಟಕದ ಅಧಿಕಾರಿಯೂ ಸೇರಿದ್ದಾರೆ. ನೆಲದ ಮೇಲಿನ ಆ ಘಟಕವೂ ವೈರಿಯ ದಾಳಿಗೆ ಗುರಿಯಾಗಬಲ್ಲದು, ಆದ್ದರಿಂದ ಅಲ್ಲಿ ಪ್ರಾಣಾಪಾಯವಿದೆ. ಆದರೆ ಸಾವಿರ ಮೈಲಿ ದೂರದ ಸುರಕ್ಷಿತ ಕೊಠಡಿಯಿಂದ ಡ್ರೋನ್ ನಡೆಸುವವನ ಗತಿಯೇನು?

ಅಮೆರಿಕ ಈ ಪ್ರಶ್ನೆಯಲ್ಲಿ ಎಡವಿದ್ದುಂಟು. 2013ರ ಫೆಬ್ರವರಿಯಲ್ಲಿ ಡ್ರೋನ್ ಹಾಗೂ ಸೈಬರ್ ಯೋಧರಿಗಾಗಿ ಅದು ಹೊಸ ಪದಕವೊಂದನ್ನು ಪ್ರಕಟಿಸಿ, ರಣರಂಗದ ಕಂಚಿನ ನಕ್ಷತ್ರ ಪದಕಕ್ಕಿಂತ ಮೇಲಿನ ಸ್ಥಾನ ನೀಡಿತು. ಮಾಜಿ ಸೈನಿಕರ ಸಂಘಟನೆಗಳು ತಿರುಗಿಬಿದ್ದವು. ಎರಡು ತಿಂಗಳಲ್ಲಿ ಪದಕ ರದ್ದಾಯಿತು. 2016ರಲ್ಲಿ ಇರುವ ಪದಕಗಳಿಗೇ ದೂರನಿಯಂತ್ರಣದ ಸೇವೆಯನ್ನು ಸೂಚಿಸುವ ‘ಆರ್’ ಚಿಹ್ನೆಯನ್ನು ಸೇರಿಸುವ ಮಧ್ಯಮ ಮಾರ್ಗವನ್ನು ಹಿಡಿಯಲಾಯಿತು. ಕೌಶಲಕ್ಕೂ ಪ್ರಾಣಾಪಾಯಕ್ಕೂ ಒಂದೇ ತಕ್ಕಡಿ ಸಲ್ಲದು ಎಂಬುದು ಅಲ್ಲಿ ಕಲಿತ ಪಾಠ. ಭಾರತದಲ್ಲಿ ಯುದ್ಧ ಸೇವಾ ಪದಕಗಳ ಪ್ರತ್ಯೇಕ ಸರಣಿ ಇರುವುದರಿಂದ ಈ ಗೆರೆಯನ್ನು ಕಾಯ್ದುಕೊಳ್ಳುವುದು ನಮಗೆ ಕಷ್ಟವಾಗಬಾರದು.

ಆಗಬೇಕಾದುದು

ಅಮೆರಿಕದಿಂದ ಕಲಿಯಬೇಕಾದ ಇನ್ನೊಂದು ಸಂಗತಿಯಿದೆ. ಅದು ತನ್ನ ತಪ್ಪುಗಳನ್ನು ತಾನೇ ತಿದ್ದಿಕೊಂಡಿದೆ. ಅಂತರ್ಯುದ್ಧದ ಕಾಲದಲ್ಲಿ ಬೇಕಾಬಿಟ್ಟಿಯಾಗಿ ಹಂಚಿದ್ದ ‘ಮೆಡಲ್ ಆಫ್ ಆನರ್’ಗಳನ್ನು ಪರಿಶೀಲಿಸಿ 1917ರಲ್ಲಿ 911 ಹೆಸರುಗಳನ್ನು ಪಟ್ಟಿಯಿಂದ ತೆಗೆಯಿತು. ಎರಡನೇ ಮಹಾಯುದ್ಧದಲ್ಲಿ ಹೋರಾಡಿದ ಒಬ್ಬ ಕಪ್ಪು ಸೈನಿಕನಿಗೂ ಆ ಪದಕ ದೊರೆತಿರಲಿಲ್ಲ. ದಾಖಲೆಗಳ ಮರುಪರಿಶೀಲನೆಯ ನಂತರ 1997ರಲ್ಲಿ ಏಳು ಮಂದಿಗೆ ನೀಡಲಾಯಿತು. ಆ ವೇಳೆಗೆ ಬದುಕಿದ್ದವರು ಒಬ್ಬರೇ.

ನಮ್ಮಲ್ಲಿ ಹಳೆಯ ಯುದ್ಧಗಳ ದಾಖಲೆಗಳನ್ನು ಹೀಗೆ ವ್ಯವಸ್ಥಿತವಾಗಿ ಮರಳಿ ನೋಡುವ ಪರಿಪಾಠ ಬೆಳೆದಿಲ್ಲ. ದೇವಯ್ಯ ಅವರಿಗೆ ನ್ಯಾಯ ದೊರೆತದ್ದು ವಿದೇಶಿ ಲೇಖಕನೊಬ್ಬನ ಕುತೂಹಲದಿಂದ ಮತ್ತು ಅದನ್ನು ಬೆನ್ನುಹತ್ತಿದ ಕೆಲವರ ಶ್ರದ್ಧೆಯಿಂದ. 1962, 1965, 1971ರ ರಣರಂಗಗಳಲ್ಲಿ ಜೊತೆಗಾರರೆಲ್ಲ ಮಡಿದು ಹೇಳುವವರೇ ಉಳಿಯದ ಇನ್ನೆಷ್ಟು ಕಥೆಗಳಿವೆಯೋ! ಎದುರಾಳಿ ದೇಶದ ದಾಖಲೆ, ನಿವೃತ್ತರ ಬರಹಗಳು ಇಂದು ಹಿಂದೆಂದಿಗಿಂತ ಸುಲಭವಾಗಿ ದೊರೆಯುತ್ತಿವೆ. ಸೇನಾ ಇತಿಹಾಸಕಾರರನ್ನೊಳಗೊಂಡ ಕಾಯಂ ಮರುಪರಿಶೀಲನಾ ಸಮಿತಿಯೊಂದನ್ನು ರಕ್ಷಣಾ ಸಚಿವಾಲಯ ರಚಿಸಬೇಕು. ಯಾವ ಮಾನದಂಡಕ್ಕೆ ಯಾವ ಪದಕ ಎಂಬುದನ್ನೂ ಭದ್ರತೆಗೆ ಧಕ್ಕೆಯಾಗದ ಮಟ್ಟಿಗೆ ಪ್ರಕಟಿಸಬೇಕು.

ಇದರಿಂದ ಪದಕಗಳ ಸಂಖ್ಯೆ ಹೆಚ್ಚಬೇಕೆಂದಿಲ್ಲ. 21ರ ಪಟ್ಟಿಯ ಘನತೆ ಅದರ ವಿರಳತೆಯಲ್ಲಿಯೂ ಇದೆ. ಆದರೆ ಕಂಡವರಿಲ್ಲವೆಂಬ ಒಂದೇ ಕಾರಣಕ್ಕೆ ಯೋಧನೊಬ್ಬನ ಹೆಸರು ‘ಕಾಣೆಯಾದವರ’ ಪಟ್ಟಿಯಲ್ಲಿಯೇ ಉಳಿದುಬಿಡುವುದು ಆ ಘನತೆಗೆ ಶೋಭಿಸುವುದಿಲ್ಲ. 1965ರ ಯುದ್ಧಕ್ಕೆ 2025ರಲ್ಲಿ 60 ವರ್ಷ ತುಂಬಿತು. ಅದರಲ್ಲಿ ಪಾಲ್ಗೊಂಡವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರ ನೆನಪನ್ನು ದಾಖಲಿಸಿಕೊಳ್ಳಲು ಉಳಿದಿರುವ ಕಾಲಾವಕಾಶ ಅಲ್ಪ.