ಡ್ಯೂಟಿ ಲಿಸ್ಟ್ ಯಾರ ಕೈಯಲ್ಲಿದೆ?

ವಾರಕ್ಕೆ ಎರಡು ದಿನ ಆಫೀಸಿಗೆ ಹೋದರೆ ಸಾಕಾ, ಮೂರು ದಿನ ಹೋಗಬೇಕಾ ಅಂತ ನನ್ನ ಜೊತೆ ಎಂಜಿನಿಯರಿಂಗ್ ಓದಿದವರು ಇನ್ನೂ ಜಗಳ ಆಡ್ತಿದ್ದಾರೆ. ನಮ್ಮ ಮೇಲಿನ ಮನೆಯ ಸ್ಟಾಫ್ ನರ್ಸ್ ಕೇಳೋದು ಅಷ್ಟೆಲ್ಲ ಅಲ್ಲ. ಐಸಿಯುವನ್ನು ಮನೆಗೆ ತರೋಕಾಗುತ್ತಾ? ಮುಂದಿನ ವಾರ ನೈಟ್ ಯಾವತ್ತು, ಆಫ್ ಯಾವತ್ತು ಅಂತ ಮೊದಲೇ ತಿಳಿದರೆ ಸಾಕು ಅಂತಾರೆ. ಅವರ ಆಸ್ಪತ್ರೆಯಲ್ಲೂ 'ಹೊಂದಾಣಿಕೆ' ಇದೆ. ಆಫ್ ಇದ್ದ ದಿನ ಬೆಳಿಗ್ಗೆ ಫೋನ್ ಬರುತ್ತೆ: "ಸಿಸ್ಟರ್, ಇವತ್ತೊಂದಿನ ಬಂದುಬಿಡಿ." ಹೊಂದಿಕೊಳ್ಳಬೇಕಾದವರು ಯಾವಾಗಲೂ ನರ್ಸೇ.

ಆಡಳಿತದವರ ದೂರು ಬೇರೆ. ಎರಡು ವರ್ಷ ಅನುಭವ ಆಗುತ್ತಿದ್ದಂತೆ ಗಲ್ಫ್‌ಗೋ ಬ್ರಿಟನ್‌ಗೋ ಹಾರ್ತಾರೆ, ಆಸ್ಪತ್ರೆ ಮೇಲೆ ಅಭಿಮಾನವೇ ಇಲ್ಲ ಅನ್ನೋದು. ಅದಕ್ಕೆ ಕೆಲವು ಕಡೆ ಕಂಡುಕೊಂಡಿರುವ ಮದ್ದು ಬಾಂಡ್ ಬರೆಸಿಕೊಳ್ಳುವುದು, ಮೂಲ ಅಂಕಪಟ್ಟಿ ಇಟ್ಟುಕೊಳ್ಳುವುದು.

ನಟಾಲಿ ಅಲೆನ್ ಮತ್ತು ಜಾನ್ ಮೇಯರ್ ಎಂಬ ಸಂಶೋಧಕರು 1990ರಲ್ಲೇ ಈ ಗೊಂದಲ ಬಿಡಿಸಿಟ್ಟಿದ್ದಾರೆ. ಸಂಸ್ಥೆ ಮೇಲಿನ ಪ್ರೀತಿಯಿಂದ ಉಳಿಯುವುದು ಒಂದು, ಬಿಟ್ಟರೆ ನಷ್ಟ ಅಂತ ಉಳಿಯುವುದು ಇನ್ನೊಂದು, ಋಣ ಅಂತ ಉಳಿಯುವುದು ಮತ್ತೊಂದು. ಬಾಂಡ್ ಎರಡನೆಯದನ್ನು ಮಾತ್ರ ಹುಟ್ಟಿಸುತ್ತೆ. ಅವಧಿ ಮುಗಿದ ದಿನ ಅದೂ ಮುಗಿಯುತ್ತೆ.

ಅಮೆರಿಕದಲ್ಲಿ ನರ್ಸ್‌ಗಳ ಕೊರತೆ ತೀವ್ರವಾಗಿದ್ದಾಗ, ಅಲ್ಲಿನ ನರ್ಸಿಂಗ್ ಅಕಾಡೆಮಿ 163 ಆಸ್ಪತ್ರೆಗಳನ್ನು ನೋಡಿ, ನರ್ಸ್‌ಗಳನ್ನು ಸೆಳೆದು ಉಳಿಸಿಕೊಂಡಿದ್ದ 41ನ್ನು ಗುರುತಿಸಿತು. ಆ ವರದಿ ಬಂದಿದ್ದು 1983ರಲ್ಲಿ. ಅನುಕೂಲಕ್ಕೆ ತಕ್ಕ ಪಾಳಿ ಅವುಗಳ ಲಕ್ಷಣಗಳಲ್ಲೊಂದು. ಸಾಕಷ್ಟು ಸಿಬ್ಬಂದಿ, ನಿರ್ಧಾರದಲ್ಲಿ ನರ್ಸ್‌ಗಳ ಮಾತಿಗೆ ಬೆಲೆ, ಇವೂ ಇದ್ದವು. ಇಂಗ್ಲೆಂಡಿನ ಎನ್‌ಎಚ್‌ಎಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ, ಸೇರಿದ ಮೊದಲ ದಿನವೇ ಬೇರೆ ವೇಳೆ ಕೇಳುವ ಹಕ್ಕಿದೆ. ಕೇಳುವ ಹಕ್ಕು ಅಷ್ಟೇ, ಸಿಕ್ಕೇ ಸಿಗುತ್ತೆ ಅಂತೇನಿಲ್ಲ. ಆದರೂ ಇಲ್ಲಿ ಕೇಳಿದರೆ ಇನ್‌ಚಾರ್ಜ್ ಮುಖ ಗಂಟಿಕ್ಕುತ್ತಾರೆ.

ಒಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ಮಕ್ಕಳಿರುವವರಿಗೆ ಹಗಲು ಕೊಟ್ಟರೆ ನೈಟ್ ಎಲ್ಲ ಹಾಸ್ಟೆಲ್‌ನಲ್ಲಿರುವ ಮದುವೆಯಾಗದ ಹುಡುಗಿಯರ ತಲೆಗೆ ಬೀಳುತ್ತೆ. ವಾರ್ಡಿನಲ್ಲಿ ಜನ ಕಡಿಮೆಯಿದ್ದರೆ ಒಬ್ಬರ ಅನುಕೂಲ ಇನ್ನೊಬ್ಬರ ಡಬಲ್ ಡ್ಯೂಟಿ.

ಹೆಚ್ಚು ಜನರನ್ನು ನೇಮಿಸೋಕೆ ದುಡ್ಡು ಬೇಕು, ಒಪ್ಪೋಣ. ಸಂಬಳದ ವಿಷಯದಲ್ಲೂ, 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆ ಸರ್ಕಾರಿ ನರ್ಸ್‌ಗಳಷ್ಟೇ ವೇತನ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಸೂಚನೆಯಂತೆ ರಚನೆಯಾದ ಸಮಿತಿ 2016ರಲ್ಲೇ ಶಿಫಾರಸು ಮಾಡಿತ್ತು. ಅದು ದೊಡ್ಡ ಹೋರಾಟ. ಆದರೆ ಲಿಸ್ಟನ್ನು ಹದಿನೈದು ದಿನ ಮೊದಲು ಗೋಡೆಗೆ ಅಂಟಿಸೋಕೆ, ಇಬ್ಬರು ಸಿಸ್ಟರ್‌ಗಳು ತಮ್ಮೊಳಗೇ ಪಾಳಿ ಬದಲಿಸಿಕೊಂಡರೆ ಸಹಿ ಹಾಕೋಕೆ ಎಷ್ಟು ಖರ್ಚಾಗುತ್ತೆ?